ಸಾವಳಗಿ ಹೊಲದ ರಾಜೀನಾಮೆ

ಮಾಸ್ತರರಿಗೆ ಬನಹಟ್ಟಿಯಿಂದ ನಿಮ್ಮ ಸಂಗಪ್ಪನ ನಮಸ್ಕಾರ.

ಪತ್ರದ ಮೊದಲಿಗೆ ಕ್ಷೇಮ ಸಮಾಚಾರ ಬರೆಯಬೇಕೆಂದು ಕಲಿಸಿದವರು ನೀವು. ನಿಮ್ಮ ಕ್ಷೇಮ ಕೇಳುವ ಹಾಗಿಲ್ಲ, ನೀವು ತೀರಿಕೊಂಡು ಎರಡು ವರ್ಷದ ಮೇಲಾಯಿತು. ನನ್ನದು ಹೇಳಬೇಕೆಂದರೆ, ದಣಿದಿದ್ದೇನೆ. ಜ್ವರ ಇಲ್ಲ, ಕೆಮ್ಮು ಇಲ್ಲ. ಇಲ್ಲಿಯ ಶಾಲೆಯಲ್ಲಿ ನಿಮ್ಮದೇ ವಿಷಯ ಕಲಿಸುತ್ತೇನೆ, ಇತಿಹಾಸ ಮತ್ತು ಪೌರನೀತಿ. ಸಂಜೆ ಮನೆಗೆ ಬಂದು ಟೋಪಿ ತೆಗೆದು ಗೂಟಕ್ಕೆ ಹಾಕಿ ಕೂತರೆ ಮತ್ತೆ ಏಳುವುದೇ ಬೇಡ ಅನ್ನಿಸುತ್ತದೆ. ಇಪ್ಪತ್ತೇಳು ವರ್ಷದವನು ಹೀಗೆ ಬರೆಯಬಾರದು ಅಂತ ನೀವು ಗದರಿಸುತ್ತಿದ್ದಿರಿ, ಗೊತ್ತು.

ಯಾರಿಗೂ ಹೇಳದ ಒಂದು ಮಾತು ನನ್ನ ಹತ್ತಿರ ಇದೆ. ನಾಳೆ ಅದನ್ನು ನಮ್ಮಪ್ಪನಿಗೆ ಹೇಳಬೇಕು ಅಂತ ಮನಸ್ಸು ಮಾಡಿದ್ದೇನೆ. ಅದಕ್ಕೂ ಮೊದಲು ನಿಮಗೆ ತಿಳಿಸುವುದು ಸರಿ, ಯಾಕೆಂದರೆ ಅದರಲ್ಲಿ ಅರ್ಧ ನಿಮ್ಮದು. ಅರ್ಧ ಅಂದೆನೇ? ಎಷ್ಟು ನಿಮ್ಮದು, ಎಷ್ಟು ನನ್ನದು ಅನ್ನುವುದೇ ಇಷ್ಟು ದಿನ ಬಗೆಹರಿದಿಲ್ಲ.

ಮ್ಯಾಟ್ರಿಕ್ ವರ್ಗದಲ್ಲಿ ನೀವು ಯುರೋಪಿನ ಆ ಹಳೆಯ ತತ್ವಜ್ಞಾನಿಗಳ ಪಾಠ ಶುರು ಮಾಡಿದ ದಿನ ನೆನಪಿದೆಯೇ? ಪಠ್ಯದಲ್ಲಿ ಅವರಿಗೆ ಅರ್ಧ ಪುಟವೂ ಇರಲಿಲ್ಲ. ನೀವು ಒಂದು ತಿಂಗಳು ತೆಗೆದುಕೊಂಡಿರಿ. ಅವರ ಹೆಸರು ನಮ್ಮ ನಾಲಿಗೆಗೆ ಹೊರಳುವುದಿಲ್ಲವೆಂದು ನೀವೇ ಒಬ್ಬೊಬ್ಬರಿಗೆ ಅಡ್ಡಹೆಸರು ಇಟ್ಟಿರಿ. ಹುಟ್ಟಿದ ಕೂಸಿನ ಮನಸ್ಸು ಏನೂ ಬರೆಯದ ಪಾಟಿ, ಕಣ್ಣು ಕಿವಿ ಕೈ ತಂದುಕೊಟ್ಟದ್ದೇ ಜ್ಞಾನ ಅಂದವನು ‘ಪಾಟಿಯವ’. ಭೂಮಿಯಲ್ಲಿ ಮೈಮುರಿದು ದುಡಿದವನಿಗೇ ಭೂಮಿ ಸಲ್ಲಬೇಕು ಅನ್ನುವುದೂ ಅವನದೇ ವಾದ. ಸರಕಾರ ಇಲ್ಲದಿದ್ದರೆ ಮಂದಿ ಒಬ್ಬರನ್ನೊಬ್ಬರು ಬಾಳಗೊಡುವುದಿಲ್ಲ, ಆ ಭಯಕ್ಕೇ ಎಲ್ಲರೂ ಸೇರಿ ರಾಜನ ಕೈಗೆ ಅಧಿಕಾರ ಒಪ್ಪಿಸಿದರು ಅಂದವನು ‘ಅಂಜುಬುರುಕ’. ಮನುಷ್ಯ ಮೂಲದಲ್ಲಿ ಒಳ್ಳೆಯವನೇ, ನೆಲಕ್ಕೆ ಬೇಲಿ ಹಾಕಲು ಕಲಿತ ಮೇಲೆ ಕೆಟ್ಟ ಅಂದವನು ‘ಬೇಲಿಯವ’. ನಮ್ಮ ಓಣಿಯ ಹಿರಿಯರ ಸುದ್ದಿ ಹೇಳಿದ ಹಾಗೆ ಅವರ ಸುದ್ದಿ ಹೇಳುತ್ತಿದ್ದಿರಿ. ಅಂಜುಬುರುಕನೆಂದರೆ ನಿಮಗೆ ತಾತ್ಸಾರ. ‘ಅವಗ ನಿದ್ದಿ ಹತ್ತೂದಿಲ್ಲಪಾ, ಬಾಗಲಾ ಹಾಕೇದೋ ಇಲ್ಲೋ ಅಂತ ಮೂರ ಸರ್ತೆ ಎದ್ದ ನೋಡ್ತಾನ’ ಅಂತ ನೀವು ಅಂದಾಗ ವರ್ಗವೆಲ್ಲ ನಕ್ಕಿತ್ತು.

ಶಾಲೆ ಬಿಟ್ಟ ಮೇಲೆ ನಾನು ನಿಮ್ಮ ಮನೆಗೆ ಬರುತ್ತಿದ್ದೆ. ಸಾವಳಗಿಯಿಂದ ಬಂದು ಜಮಖಂಡಿಯ ಬೋರ್ಡಿಂಗಿನಲ್ಲಿ ಉಂಡು ಮಲಗುವ ಹುಡುಗ. ನಮ್ಮಪ್ಪ ಮಲ್ಲಪ್ಪ ನಿಮ್ಮ ಹೊಲವನ್ನು ಪಾಲಿಗೆ ಮಾಡುವವ, ಅದೊಂದು ಸಲಿಗೆ. ನೀವು ಒಳಗೆ ಪಡಸಾಲೆಯ ತೂಗುಮಂಚದ ಮೇಲೆ, ನಾನು ಹೊರಗೆ ಕಟ್ಟೆಯ ಮೇಲೆ, ನಡುವೆ ಹೊಸ್ತಿಲು. ಮನುಷ್ಯರೆಲ್ಲ ಹುಟ್ಟಿನಿಂದ ಸಮಾನರು ಅಂತ ನೀವು ಒಳಗಿನಿಂದ ಹೇಳುತ್ತಿದ್ದಿರಿ, ನಾನು ಹೊರಗೆ ಕೂತು ಬರೆದುಕೊಳ್ಳುತ್ತಿದ್ದೆ. ನೀರಡಿಸಿದರೆ ನಿಮ್ಮ ಮನೆಯವರು, ನಾವೆಲ್ಲ ಕಾಕೂ ಅನ್ನುತ್ತಿದ್ದೆವಲ್ಲ, ಅವರು ಮೇಲಿನಿಂದ ನೀರು ಹಾಕುತ್ತಿದ್ದರು, ನಾನು ಬೊಗಸೆ ಒಡ್ಡುತ್ತಿದ್ದೆ. ಒಂದು ದಿನ ಅದು ನಿಮ್ಮ ಕಣ್ಣಿಗೆ ಬಿತ್ತು. ಪಾಠ ನಿಲ್ಲಿಸಿ ಒಳಗೆ ಹೋಗಿ ಮರಾಠಿಯಲ್ಲಿ ಏನೋ ಅಂದಿರಿ. ಮರುದಿನದಿಂದ ನನಗೊಂದು ತಂಬಿಗೆ ಬಂತು. ತಂಬಿಗೆ ಕಟ್ಟೆಯ ಮೇಲೆಯೇ ಇರುತ್ತಿತ್ತು, ಒಳಗೆ ಹೋಗಲಿಲ್ಲ. ಅಷ್ಟು ದೂರ ಬಂದಿರಿ ನೀವು. ಆಗ ನನಗೆ ಅದೇ ದೊಡ್ಡದಾಗಿತ್ತು, ಈಗಲೂ ಸಣ್ಣದು ಅನ್ನಲಾರೆ.

ಆಗ ಇನ್ನೂ ಜಮಖಂಡಿ ಸಂಸ್ಥಾನ ಇತ್ತು. ಪ್ರಜೆಗಳು ಒಪ್ಪಿ ಕೊಟ್ಟದ್ದೇ ಅಧಿಕಾರ, ಕೊಟ್ಟವರು ತಿರುಗಿ ತೆಗೆದುಕೊಳ್ಳಲೂಬಹುದು ಅಂತ ನೀವು ಹೇಳುತ್ತಿರುವಾಗಲೇ ದರಬಾರಿನ ಅಧಿಕಾರಿಯೊಬ್ಬರು ತಪಾಸಣೆಗೆಂದು ಬಂದು ಹಿಂದಿನ ಸಾಲಿನ ಬಾಕಿನ ಮೇಲೆ ಕೂತರು. ನೀವು ತಿರುಗಿ ನೋಡಿ, ‘ಇದು ವಿಲಾಯತಿ ಸುದ್ದಿರಿ ಸಾಹೇಬರ. ನಮ್ಮ ಕಡೆ ಇಂಥಾ ಖೋಡಿ ಇಲ್ಲ’ ಅಂದು ಪಾಠ ಮುಂದುವರಿಸಿದಿರಿ. ಅವರು ತಲೆ ಆಡಿಸಿ ಎದ್ದು ಹೋದರು. ಸಂಸ್ಥಾನ ಮುಂಬಯಿ ಪ್ರಾಂತಕ್ಕೆ ಸೇರಿದ ವಾರ ಶಾಲೆಯಲ್ಲಿ ಪೇಡೆ ಹಂಚಿದರು. ಆಗ ಕೇಳಿದಿರಿ: ‘ನಿನ್ನೆ ಒಬ್ಬರ ಪ್ರಜಾ ಇದ್ರಿ, ಇವತ್ತ ಇನ್ನೊಬ್ಬರ ಪ್ರಜಾ. ನಡುವ ನಿಮ್ಮನ್ನ ಯಾರರ ಕೇಳಿದ್ರೇನಪಾ?’ ಎಲ್ಲರ ಬಾಯಲ್ಲೂ ಪೇಡೆ ಇತ್ತು.

ಅದೇ ಚಳಿಗಾಲದಲ್ಲಿ ನಮ್ಮನ್ನು ನಾಲ್ಕೈದು ಜನರನ್ನು ಸಾವಳಗಿಯ ನಿಮ್ಮ ಹೊಲಕ್ಕೆ ಸೀತನಿ ತಿನ್ನಲು ಕರೆದುಕೊಂಡು ಬಂದಿರಿ. ಹಸಿ ಜೋಳದ ತೆನೆಗಳನ್ನು ಅಪ್ಪ ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಡಿದು, ಬಿಸಿ ಕಾಳನ್ನು ಕಂಬಳಿಯ ಮೇಲೆ ಸುರಿಯುತ್ತಿದ್ದ. ನೀವು ಬಾಯಾಡಿಸುತ್ತಲೇ ಒಂದು ಹಿಡಿ ಕರಿಮಣ್ಣು ಕೈಗೆ ತೆಗೆದುಕೊಂಡಿರಿ. ‘ಪಾಟಿಯವ ಏನಂತಾನ? ಇದರಾಗ ಯಾರ ದುಡಿಮಿ ಕೂಡೇದೋ ಅವಂದು ಇದು. ನಂದು ಇದರಾಗ ಏನದ? ಕಾಗದ ಅದ. ಮಲ್ಲಪ್ಪಂದು ಬೆವರ ಅದ. ಹಂಗಾದ್ರ ಹೊಲಾ ಯಾರದು?’ ಹುಡುಗರು ನನ್ನ ಮುಖ ನೋಡಿದರು. ಅಪ್ಪ ತೆನೆ ಬಡಿಯುವುದು ಬಿಟ್ಟು ನಕ್ಕ. ‘ಮಾಸ್ತರ ಚ್ಯಾಷ್ಟಿ ಮಾಡಾಕತ್ತಾರ. ತಿನ್ರಿ ತಮ್ಮಾ, ಆರಿ ಹೊಕ್ಕೈತಿ’ ಅಂದ. ನೀವೂ ನಕ್ಕಿರಿ. ನನಗೆ ನಗು ಬರಲಿಲ್ಲ, ಮಾಸ್ತರ. ನಾನು ಅದನ್ನು ಖರೆ ಅಂತ ತಿಳಿದುಕೊಂಡಿದ್ದೆ. ನೀವು ಆ ಮಾತು ಆಡದೇ ಇದ್ದಿದ್ದರೆ ಮುಂದಿನದೆಲ್ಲ ನನಗೆ ಇಷ್ಟು ಭಾರವಾಗುತ್ತಿತ್ತೇ ಅಂತ ಒಮ್ಮೊಮ್ಮೆ…

ರಾಶಿ ಮುಗಿದ ಮೇಲೆ ಅಪ್ಪ ನಿಮ್ಮ ಪಾಲಿನ ಜೋಳವನ್ನು ಚಕ್ಕಡಿಗೆ ಹೇರಿ, ಹೊಳೆ ದಾಟಿ, ನಿಮ್ಮ ಬಾಗಿಲಿಗೆ ತಂದು ಇಳಿಸುತ್ತಿದ್ದ. ಪ್ರತಿ ವರ್ಷವೂ. ನೀವು ಒಂದು ದಿನವೂ ಕಣಕ್ಕೆ ಬಂದು ಅಳೆಸಿದವರಲ್ಲ. ಅವನು ಒಂದು ದಿನವೂ ಪಾವತಿ ಚೀಟಿ ಕೇಳಿದವನಲ್ಲ. ನೀವು ಅಳೆಸಿದರೆ ಮಲ್ಲಪ್ಪನ ಮೇಲೆ ಸಂಶಯ ಪಟ್ಟಂತೆ, ಅವನು ಪಾವತಿ ಕೇಳಿದರೆ ಮಾಸ್ತರರ ಮೇಲೆ ಸಂಶಯ ಪಟ್ಟಂತೆ. ಇಬ್ಬರೂ ಹೀಗೆ ಮರ್ಯಾದೆ ಕಾಯ್ದುಕೊಂಡು ನಡೆದಿರಿ. ಊರ ತಲಾಠಿ ಚಾವಡಿಯಲ್ಲಿ ಕೂತಲ್ಲೇ ಪಹಣಿ ಬರೆಯುತ್ತಿದ್ದ. ಉಳುವವ ಯಾರು ಅನ್ನುವಲ್ಲಿ ‘ಖುದ್ದು’ ಅಂತ, ಅಂದರೆ ಮಾಲಕನೇ ಅಂತ ಬರೆದು ಮುಂದಿನ ಸಾಲಿಗೆ ಹೋಗುತ್ತಿದ್ದ. ಅಜ್ಜನ ಕಾಲದಿಂದ ಆ ಹೊಲ ಉತ್ತವರ ಹೆಸರು ಯಾವ ಕಾಗದದಲ್ಲೂ ಇರಲಿಲ್ಲ. ಇರಬೇಕು ಅಂತ ನಮ್ಮಲ್ಲಿ ಯಾರಿಗೂ ಅನ್ನಿಸಿರಲೂ ಇಲ್ಲ.

ಆಮೇಲೆ ಕುಳ ಕಾಯ್ದೆಯ ಸುದ್ದಿ ಬಂತು. ಪಾಲಿಗೆ ಮಾಡುವ ಕುಳವನ್ನು ಮಾಲಕ ಸುಮ್ಮಸುಮ್ಮನೆ ಬಿಡಿಸುವಂತಿಲ್ಲ, ಮುಂದೆ ಉಳುವವನೇ ಮಾಲಕನೂ ಆದಾನು ಅಂತ ಮಂದಿ ಮಾತಾಡಿಕೊಂಡರು. ಪಾಟಿಯವನೇ ಮುಂಬಯಿಗೆ ಬಂದು ಮಂತ್ರಿಗಳ ಪಕ್ಕ ಕೂತ ಹಾಗೆ ನನಗೆ ಹಿಗ್ಗು. ಆ ಹಿಗ್ಗನ್ನು ನಿಮ್ಮ ಹತ್ತಿರ ಅಲ್ಲದೆ ಮತ್ಯಾರ ಹತ್ತಿರ ಹೇಳಬೇಕಿತ್ತು? ನಡೆದು ನಡೆದು ಬಂದೆ. ನೀವು ಬಾಗಿಲಲ್ಲೇ ನಿಂತಿದ್ದಿರಿ. ನೌಕರಿ ಬಿಟ್ಟು ಕೆಲವು ತಿಂಗಳಾಗಿತ್ತು, ಇಳಿದು ಹೋಗಿದ್ದಿರಿ. ‘ಒಳಗ ಬಾ ಸಂಗಪ್ಪಾ’ ಅಂದಿರಿ. ಅಷ್ಟು ವರ್ಷದಲ್ಲಿ ಮೊದಲ ಸಲ. ನಾನು ಹೊಸ್ತಿಲು ದಾಟಿ ಒಳಗೆ ಬಂದೆ, ನಿಮ್ಮ ತೂಗುಮಂಚದ ಎದುರು ಚಾಪೆಯ ಮೇಲೆ ಕೂತೆ. ನೀವು ಕಾಗದ, ಮಸಿ, ಲೇಖಣಿಕೆ ತಂದು ನನ್ನ ಮುಂದೆ ಇಟ್ಟಿರಿ.

‘ನನಗ ಮಕ್ಕಳಿಲ್ಲ’ ಅಂದಿರಿ. ‘ಸಂಸ್ಥಾನದ ನೌಕರಿ ಮಾಡ್ದಾವ ನಾ. ಪೆನ್ಶನ್ ಕೊಡ್ತೀವೋ ಇಲ್ಲೋ ಅಂತ ಮುಂಬಯಿಯವರು ಇನ್ನೂ ಹೇಳವಲ್ರು. ನಾ ಹ್ವಾದ ಮ್ಯಾಲೆ ಇಕಿ ಏನ ತಿನಬೇಕು?’

‘ನಮ್ಮಪ್ಪ ಕೈ ಬಿಡ್ತಾನೇನ್ರಿ ಮಾಸ್ತರ?’ ಅಂದೆ.

‘ಮಲ್ಲಪ್ಪ ಬಿಡೂದಿಲ್ಲ. ಕಾಯ್ದೆ ಬಿಡಸ್ತದ.’ ಕಾಗದವನ್ನು ನನ್ನ ಕಡೆ ಸರಿಸಿ, ‘ಇದು ಬರೇ ಇಟ್ಕೊಳ್ಳೂ ಕಾಗದ. ಟ್ರಂಕಿನಾಗ ಇರ್ತದ. ಹೊಲಾ ಅವನ ಮಾಡ್ತಾನ, ಮೊದಲ್ನಂಗ. ಬರಿ, ನಿನ್ನ ಅಕ್ಷರ ಛಲೋ ಅವ’ ಅಂದಿರಿ.

ನೀವು ಹೇಳಿದಿರಿ, ನಾನು ಬರೆದೆ. ಮಲ್ಲಪ್ಪನಾದ ನಾನು ಸಾವಳಗಿಯ ಸದರಿ ಹೊಲದ ಮೇಲಿನ ನನ್ನ ಕುಳದ ಹಕ್ಕನ್ನು ಸ್ವಖುಷಿಯಿಂದ ರಾಜೀನಾಮೆ ಕೊಟ್ಟು ಬಿಟ್ಟಿದ್ದೇನೆ ಅಂತ. ‘ಸ್ವಖುಷಿ’ಯ ಹತ್ತಿರ ನನ್ನ ಕೈ ನಿಂತಿತು. ನೀವು ಕಿಟಕಿಯ ಕಡೆ ನೋಡುತ್ತ ‘ಬರಿ’ ಅಂದಿರಿ. ಬರೆದೆ. ಕಡೆಗೆ, ಕಾಗದ ಬರೆದವನ ಹೆಸರು ಹಾಕುವ ಬಿಕಲಂ ಜಾಗದಲ್ಲಿ ಸಂಗಪ್ಪ ಅಂತ ನನ್ನದೇ ಹೆಸರು ಹಾಕಿದೆ. ನಿಮ್ಮ ಮೇಲೆ ಆ ಹೊತ್ತಿನಲ್ಲಿ ನನಗೆ ಸಿಟ್ಟು ಬರಲಿಲ್ಲ. ನೀವು ಎರಡು ಸಲ ಎದ್ದು ಬಾಗಿಲು ಹಾಕಿದೆಯೋ ಇಲ್ಲವೋ ನೋಡಿ ಬಂದಿರಿ, ಕನಿಕರ ಬಂತು. ಯಾವ ಪುಸ್ತಕದ ಯಾವ ಮನುಷ್ಯನನ್ನು ನೀವು ಅಷ್ಟು ಆಡಿಕೊಂಡು ನಕ್ಕಿದ್ದಿರೋ ಅವನೇ ನನ್ನ ಎದುರು ಕೂತಿದ್ದ, ಅಷ್ಟೇ. ಆದರೆ ಬೇಡ ಅನ್ನಲು ನನಗೇನಾಗಿತ್ತು? ಎಲ್ಲವನ್ನೂ ಪ್ರಶ್ನೆ ಮಾಡು ಅಂತ ಕಲಿಸಿದಿರಿ. ನಿಮ್ಮನ್ನು ಪ್ರಶ್ನೆ ಮಾಡುವುದು ಮಾತ್ರ ನೀವು ಕಲಿಸಲೂ ಇಲ್ಲ, ನಾನು ಕಲಿಯಲೂ ಇಲ್ಲ.

ಹೆಬ್ಬೆಟ್ಟು ಹಾಕಿಸಿಕೊಂಡು ಬರುವ ಕೆಲಸವೂ ನನ್ನದೇ ಆಯಿತು. ನಾನು ಊರಿಗೆ ಹೋದಾಗ ಅಪ್ಪ ಅಂಗಳದಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದ. ‘ಏನ ಕಾಗದಾ ಅದು?’ ಅಂದ. ‘ಹೊಲದ್ದು, ಸರಕಾರದ್ದು’ ಅಂದೆ. ಪೂರಾ ಸುಳ್ಳೂ ಅಲ್ಲ, ಖರೆಯೂ ಅಲ್ಲ, ನಿಮ್ಮ ಹೆಸರು ಮಾತ್ರ ಎತ್ತಲಿಲ್ಲ. ಅವನು ಕೈಯನ್ನು ಧೋತರಕ್ಕೆ ಒರೆಸಿಕೊಂಡ. ‘ನೀ ಬರದೀಯಿಲ್ಲೋ? ಆತು ತಗೋ’ ಅಂದು ಹೆಬ್ಬೆರಳು ಮುಂದೆ ಮಾಡಿದ. ಮಸಿ ನಾನೇ ಸವರಿದೆ. ಒಂದು ಸಲಕ್ಕೆ ಗುರುತು ಮೂಡಲಿಲ್ಲ, ಅವನ ಬೆರಳಿನ ಗೆರೆಗಳೆಲ್ಲ ಸವೆದು ಹೋಗಿದ್ದವು. ಎರಡನೆಯ ಸಲ ನಾನೇ ಅವನ ಬೆರಳನ್ನು ಹಿಡಿದು ಒತ್ತಿದೆ.

ನಿಮಗೆ ದಮ್ಮು ಹೆಚ್ಚಾದ ಮೇಲೆ ನಾನು ರವಿವಾರಕ್ಕೊಮ್ಮೆ ಬರುತ್ತಿದ್ದೆ. ‘ಅಪ್ಪ ಹ್ಯಾಂಗಿದಾನ? ಹೊಲಾ ಹರಗಿದ್ನೇನು?’ ಅಂತ ಕೇಳುತ್ತಿದ್ದಿರಿ. ಹರಗಿದ್ದಾನ್ರಿ ಅನ್ನುತ್ತಿದ್ದೆ. ಟ್ರಂಕು ನಿಮ್ಮ ಹಾಸಿಗೆಯ ಪಕ್ಕದಲ್ಲೇ ಇತ್ತು, ಅದರ ಮೇಲೆ ಔಷಧದ ಬಾಟಲಿಗಳು. ನಾನು ಬಾಟಲಿ ಎತ್ತಿಟ್ಟು ಟ್ರಂಕು ತೆರೆದು ಆ ಕಾಗದ ಹರಿದು ಹಾಕಿದ್ದರೆ ನೀವು ತಡೆಯುತ್ತಿದ್ದಿರಾ? ಹರಿದುಹಾಕು ಅಂತ ನೀವೇ ಹೇಳಲಿ ಅಂತ ನಾನು ಕಾಯ್ದೆ. ನಾನೇ ಕೇಳಲಿ ಅಂತ ನೀವು ಕಾಯುತ್ತಿದ್ದಿರೋ ಏನೋ. ಹಾಗೆಯೇ ನೀವು ಹೋಗಿಬಿಟ್ಟಿರಿ. ಅಪ್ಪ ಸುದ್ದಿ ಕೇಳಿ ಎತ್ತಿನ ನೊಗ ಬಿಚ್ಚಿ ಹೊಲದಿಂದ ಹಾಗೇ ಬಂದ. ನಿಮ್ಮ ಕಟ್ಟೆಯ ಮೇಲೆ ಕೂತು ಸಣ್ಣ ಹುಡುಗನ ಹಾಗೆ ಅತ್ತ.

ಹದಿಮೂರು ದಿನದ ಕರ್ಮ ಮುಗಿದ ಮೇಲೆ ಮಿರಜದಿಂದ ಬಂದಿದ್ದ ನಿಮ್ಮ ಅಣ್ಣನ ಮಗ ಟ್ರಂಕು ತೆರೆದರು. ಕಾಗದ ಸಿಕ್ಕಿತು. ಅವರದೇನೂ ತಪ್ಪಿಲ್ಲ, ಬರೆದದ್ದನ್ನು ಓದಿದರು, ನಂಬಿದರು. ಹೊಲ ಮಾರಬೇಕಾಗಿದೆ, ಮಲ್ಲಪ್ಪ ಹಕ್ಕು ಬಿಟ್ಟುಕೊಟ್ಟು ಬರೇ ಆಳಾಗಿ ದುಡಿಯುತ್ತಿದ್ದಾನೆ, ಇನ್ನು ಬಿಡಲಿ ಅಂತ ನೋಟೀಸು ಕಳಿಸಿದರು. ಅಪ್ಪನಿಗೆ ಅರ್ಥವಾಗಲಿಲ್ಲ. ‘ಮಾಸ್ತರ ಇದ್ದಿದ್ರ ಹಿಂಗ ಆಗಾಕ ಬಿಡ್ತಿದ್ದಿಲ್ಲ’ ಅಂದ. ಮಾಮಲೇದಾರ ಕಚೇರಿಗೆ ಅರ್ಜಿ ಬರೆದುಕೊಟ್ಟವನೂ ನಾನೇ. ನನ್ನ ಅಕ್ಷರ ಛಲೋ ಅಲ್ಲವೇ?

ವಿಚಾರಣೆಯ ದಿನ ಜಮಖಂಡಿಯ ಆ ಕಚೇರಿ ತುಂಬಿತ್ತು. ಬಂದವರಲ್ಲಿ ಅರ್ಧ ಜನ ನಿಮ್ಮ ಕೈಯಲ್ಲಿ ಕಲಿತವರು. ನಿಮ್ಮ ಅಣ್ಣನ ಮಗನ ಪರವಾಗಿ ಬಂದಿದ್ದ ಮುಧೋಳದ ವಕೀಲರು ಕಾಗದ ತೆಗೆದು ಮೇಜಿನ ಮೇಲೆ ಇಟ್ಟರು. ‘ಇದು ನಿನ್ನ ಹೆಬ್ಬೆಟ್ಟೇನು?’ ಅಂತ ಮಾಮಲೇದಾರರು ಅಪ್ಪನನ್ನು ಕೇಳಿದರು. ‘ಹೌದ್ರಿ’ ಅಂದ. ‘ಏನ ಬರದೈತಿ ಗೊತ್ತೈತೇನು?’ ಅಂದರೆ, ‘ನನ್ನ ಮಗಾ ಬರದಾನ್ರಿ’ ಅಂದ. ಹೆಮ್ಮೆಯಿಂದ ಅಂದ, ಮಾಸ್ತರ. ಆಮೇಲೆ ವಕೀಲರು ಅದನ್ನು ಗಟ್ಟಿಯಾಗಿ ಓದಿದರು. ಸ್ವಖುಷಿಯಿಂದ ಅನ್ನುವಲ್ಲಿ ಅಪ್ಪ ತಿರುಗಿ ನನ್ನ ಕಡೆ ನೋಡಿದ. ಆ ನೋಟವನ್ನು ಬರೆಯಲು ನನಗೆ ಬರುವುದಿಲ್ಲ.

‘ಇದನ್ನ ಯಾರು ಹೇಳಿ ಬರಸಿದ್ರು?’ ಅಂತ ಮಾಮಲೇದಾರರು ನನ್ನನ್ನು ಕೇಳಿದರು. ಬರೆಸಿದವರು ನೀವು ಅಂತ ಹೇಳಿದರೆ ಹೊಲ ಅಪ್ಪನಿಗೆ ಉಳಿಯುತ್ತಿತ್ತು, ಆದರೆ ನಿಮ್ಮ ಹೆಸರು ನಿಮ್ಮದೇ ಊರಿನಲ್ಲಿ, ನಿಮ್ಮದೇ ಹುಡುಗರ ಎದುರು ಮಣ್ಣಾಗುತ್ತಿತ್ತು. ಅಪ್ಪ ತಿಳಿದೇ ಒತ್ತಿದ ಅಂದರೆ ನಿಮ್ಮ ಹೆಸರು ಉಳಿಯುತ್ತಿತ್ತು, ಹೊಲ ಹೋಗುತ್ತಿತ್ತು. ‘ಯಾರೂ ಹೇಳಿಲ್ರಿ’ ಅಂದೆ. ‘ನಾನ ಬರದೆ. ಅಪ್ಪಗ ಏನಂತ ಹೇಳಲಿಲ್ಲ. ಮಾಸ್ತರ ಕಡೆ ಛಲೋ ಅನಿಸ್ಕೋಬೇಕು, ಅವರ ಶಿಫಾರಸಿನಿಂದ ನೌಕರಿ ಹಿಡೀಬೇಕಂತ ಬರದು ಅವರ ಟ್ರಂಕಿನಾಗ ಹಾಕಿದೆ. ಮುಂದ ತೋರಸಾಕ ಧೈರ್ಯ ಆಗಲಿಲ್ಲ, ಅವರು ಅದನ್ನ ನೋಡೇ ಇಲ್ರಿ.’ ಪ್ರಮಾಣ ಮಾಡಿ ಹೇಳಿದೆ. ನಿಮ್ಮ ಶಿಷ್ಯ ಕಟ್ಟಿದ ಸುಳ್ಳು, ಎಲ್ಲೂ ಬಿರುಕಿರಲಿಲ್ಲ. ಮಾಮಲೇದಾರರು ಕನ್ನಡಕ ತೆಗೆದು, ‘ಹಡದಪ್ಪಗ ಹಿಂಗ ಮಾಡಿದಾವ ಸಾಲ್ಯಾಗ ಹುಡುಗೂರ್ಗೆ ಏನ ಕಲಸ್ತಿ?’ ಅಂದರು. ರಾಜೀನಾಮೆ ರದ್ದಾಯಿತು. ಕುಳ ಅನ್ನುವಲ್ಲಿ ಮಲ್ಲಪ್ಪನ ಹೆಸರು ಬಂತು. ಇನ್ನು ಅವನನ್ನು ಯಾರೂ ಬಿಡಿಸಲಾರರು.

ಕಚೇರಿಯ ಮೆಟ್ಟಿಲ ಮೇಲೆ ಅಪ್ಪ ನನ್ನನ್ನು ತಡೆದು ನಿಲ್ಲಿಸಿದ. ‘ಅಂಥಾ ಮನಷ್ಯಾನ ಮನ್ಯಾಗ ಕಲತು ಇದನ ಕಲತೇನ ಲೇ?’ ಅಂದ. ಅದು ಅವನು ನನ್ನ ಜೊತೆ ಆಡಿದ ಕಡೆಯ ಮಾತು, ವರ್ಷವಾಗುತ್ತ ಬಂತು. ಊರಿಗೆ ಹೋದರೆ ‘ಅವಗ ರೊಟ್ಟಿ ಹಾಕು’ ಅಂತ ಅವ್ವನಿಗೆ ಹೇಳುತ್ತಾನೆ, ನನಗೆ ಹೇಳುವುದಿಲ್ಲ. ಕಾಕೂ ಹತ್ತಿರ ಬೇಡಿ ನಿಮ್ಮ ಫೋಟೋ ಒಂದು ತಂದು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದಾನೆ. ದಿನಾ ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು ಅದಕ್ಕೆ ಕೈಮುಗಿದು, ಅದರ ಕೆಳಗೇ ಕೂತ ನನ್ನನ್ನು ದಾಟಿಕೊಂಡು ಹೊಲಕ್ಕೆ ಹೋಗುತ್ತಾನೆ. ರಾಶಿಯಾದ ಮೇಲೆ ಕಾಕೂಗೆ ಸಲ್ಲುವ ಜೋಳವನ್ನು ತಾನೇ ಮುಟ್ಟಿಸಿ ಬಂದ, ಮೊದಲಿನ ಹಾಗೆ. ಹೆಸರು ದಾಖಲಾದ ಮೇಲೂ. ಹಾಗಾದರೆ ನೀವು ಹೆದರಿದ್ದು ಯಾವುದಕ್ಕೆ, ಮಾಸ್ತರ? ಅವನು ಎಂಥವನು ಅನ್ನುವುದು ಇಪ್ಪತ್ತು ವರ್ಷದಲ್ಲಿ ನಿಮಗೆ ಗೊತ್ತಾಗಲಿಲ್ಲವೇ? ಗೊತ್ತಿದ್ದೂ…

ಹೋದ ವಾರ ಕಾಕೂ ಹೇಳಿ ಕಳಿಸಿದರು. ನಿಮ್ಮ ಅಣ್ಣನ ಮಗ ಅವರನ್ನು ಮಿರಜಕ್ಕೆ ಕರೆದುಕೊಂಡು ಹೋಗುತ್ತಿದ್ದಾರೆ, ಸಾಮಾನು ಕಟ್ಟಲು ಕೈ ಬೇಕಾಗಿತ್ತು. ನಾನು ಹೋಗಿ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದೆ. ಅವರು ಒಲೆಯ ಹತ್ತಿರ ಕೂತು ಸುಮ್ಮನೆ ನೋಡುತ್ತಿದ್ದರು.

‘ಕಚೇರ್ಯಾಗ ನೀ ಸುಳ್ಳ ಹೇಳಿದಿ’ ಅಂದರು. ನಾನು ಗೋಣಿಚೀಲದ ಬಾಯಿ ಕಟ್ಟಿದೆ. ‘ಅವರು ನಿನಗ ಹೇಳಿ ಬರಸಿದ ದಿವಸ ನಾ ಇಲ್ಲೇ ಇದ್ದೆ, ಎಲ್ಲಾ ಕೇಳೀನಿ. ನಾನೂ ಬಾಯಿ ಬಿಡ್ಲಿಲ್ಲ. ನನ್ನ ಹೊಟ್ಟಿ ಸಲುವಾಗೇ ಬರಸಿದ್ರಲ್ಲ.’

‘ಆತು ಬಿಡ್ರಿ ಕಾಕೂ. ಮಾಸ್ತರ ಹೆಸರ ಉಳೀತು’ ಅಂದೆ.

‘ಅವರಿಗೆ ಈಗ ಹೆಸರ ತೊಗೊಂಡು ಏನಾಗಬೇಕಾಗೇದ ಸಂಗಪ್ಪಾ?’ ಅಂದರು. ‘ಮಲ್ಲಪ್ಪ ಫೋಟೋ ಕೇಳಲಿಕ್ಕೆ ಬಂದಾಗ ನಿನ್ನ ಸುದ್ದಿ ತಗದೆ. ನನಗ ಮಗಾ ಇಲ್ರೀ ಬಾಯಾರ, ಅಂದ. ನಾ ಕೊಟ್ಟೆ, ಫೋಟೋ. ಕೊಡಬಾರದಾಗಿತ್ತು.’

ಅಂದಿನಿಂದ ನಾನು ಒಂದೇ ಸಮನೆ ಯೋಚಿಸುತ್ತಿದ್ದೇನೆ. ನಾನು ಮಾಡಿದ್ದು ಏನು? ಒಳ್ಳೆಯತನವೇ? ಕಚೇರಿಯಿಂದ ಹೊರಗೆ ಬಂದ ದಿನ ಹಾಗೆಯೇ ಅನ್ನಿಸಿತ್ತು, ಸುಳ್ಳೇಕೆ. ಎಲ್ಲರ ಬೈಗುಳ ಹೊತ್ತು ಗುರುವನ್ನೂ ಉಳಿಸಿದೆ, ಹೊಲವನ್ನೂ ಉಳಿಸಿದೆ ಅಂತ ಒಳಗೊಳಗೇ ಬೀಗಿದ್ದೆ. ಮನುಷ್ಯ ಮೂಲದಲ್ಲಿ ಒಳ್ಳೆಯವನು ಅನ್ನುವುದಕ್ಕೆ ನಾನೇ ಸಾಕ್ಷಿ ಅಂದುಕೊಂಡಿದ್ದೆ. ಈಗ ನೋಡಿದರೆ ಅದರಲ್ಲಿ ಹೆದರಿಕೆಯೇ ಹೆಚ್ಚು ಕಾಣುತ್ತದೆ. ನಿಮ್ಮ ವಿರುದ್ಧ ಬಾಯಿ ತೆರೆಯುವ ಹೆದರಿಕೆ. ತೆರೆದರೆ ನೀವು ಕಲಿಸಿದ್ದೆಲ್ಲ ಪೊಳ್ಳು ಅಂತ ಜನ ಅನ್ನುತ್ತಾರೆ, ಆಗ ನನ್ನ ಕೈಯಲ್ಲಿ ಉಳಿಯುವುದೇನು ಅನ್ನುವ ಹೆದರಿಕೆ. ನಿಮ್ಮ ಹೆದರಿಕೆಗೂ ನನ್ನದಕ್ಕೂ ಬಹಳ ಅಂತರವಿಲ್ಲ, ಮಾಸ್ತರ.

ಆದರೆ ನನ್ನನ್ನು ದಣಿಸಿದ್ದು ಅದೂ ಅಲ್ಲ. ನಾವಿಬ್ಬರೂ ಓದಿದವರು, ಅವನು ಓದದವನು ಅಂತ ಅವನ ಪರವಾಗಿ ನಾವೇ ಬರೆದೆವು. ಮೊದಲು ನೀವು ಹೇಳಿ ನಾನು ಬರೆದೆ, ಆಮೇಲೆ ನಾನೇ ಕಚೇರಿಯಲ್ಲಿ ನಿಂತು ಬರೆಸಿದೆ. ಎರಡು ಸಲವೂ ಅವನಿಗೆ ಏನು ಗೊತ್ತಿರಬೇಕು, ಏನು ಗೊತ್ತಿರಬಾರದು ಅಂತ ತೀರ್ಮಾನ ಮಾಡಿದವರು ನಾವು. ಐವತ್ತೈದು ವರ್ಷದ ಆ ಮನುಷ್ಯನನ್ನು ಏನೂ ಬರೆಯದ ಪಾಟಿ ಅಂತ ಹಿಡಿದುಕೊಂಡೆವು. ಯಾರಿಗೆ ಕೈಮುಗಿಯಬೇಕು, ಯಾರ ಜೊತೆ ಮಾತು ಬಿಡಬೇಕು ಅನ್ನುವುದು ಅವನದೇ ಲೆಕ್ಕ ಇರಬೇಕಲ್ಲವೇ? ಅದನ್ನೂ ನಾನು ಅವನ ಕೈಯಿಂದ ಕಸಿದುಕೊಂಡೆ. ಹೊಲ ಉಳಿಸಿಕೊಟ್ಟೆ ಅಂತ ಬೀಗಿದವನು ಇದನ್ನು ಕಸಿದದ್ದು ಒಂದು ವರ್ಷ ನನ್ನ ಲಕ್ಷ್ಯಕ್ಕೇ ಬರಲಿಲ್ಲ.

ನಿಮಗೆ ಗೊತ್ತಿಲ್ಲದ ಇನ್ನೊಂದು ಸುದ್ದಿ. ನಾವು ಮುಂಬಯಿ ಬಿಟ್ಟು ಮೈಸೂರಿಗೆ ಸೇರುತ್ತೇವಂತೆ. ಬನಹಟ್ಟಿಯಲ್ಲಿ ನೂಲಿನ ಅಂಗಡಿ, ಮಗ್ಗದ ಮನೆ, ಎಲ್ಲಿ ಹೋದರೂ ಅದೇ ಮಾತು. ಕನ್ನಡದವರೆಲ್ಲ ಒಂದಾಗುತ್ತೇವೆ ಅಂತ ನನಗೂ ಸಂತೋಷ ಇದೆ. ಮೊನ್ನೆ ವರ್ಗದಲ್ಲಿ ನಿಮ್ಮ ಹಾಗೆಯೇ, ನಿಮ್ಮನ್ನು ಯಾರಾದರೂ ಕೇಳಿದರೇನು ಅಂತ ಹುಡುಗರನ್ನು ಕೇಳಬೇಕು ಅಂತ ಬಾಯಿ ತೆರೆದೆ. ಆ ಪ್ರಶ್ನೆ ಕೇಳುವ ಯೋಗ್ಯತೆ ನನಗೆ ಇನ್ನೂ ಬಂದಿಲ್ಲ ಅನ್ನಿಸಿ ಹಾಜರಿ ತೆಗೆದುಕೊಂಡೆ.

ನಾಳೆ ಸೋಮವಾರ. ಅಪ್ಪ ಎತ್ತು ಹೂಡುವುದಿಲ್ಲ, ಮನೆಯಲ್ಲೇ ಇರುತ್ತಾನೆ. ಶಾಲೆಗೆ ರಜೆಯ ಚೀಟಿ ಕೊಟ್ಟಾಗಿದೆ. ಜಮಖಂಡಿಯವರೆಗೆ ಬಸ್ಸು, ಅಲ್ಲಿಂದ ಹೊಳೆ ದಾಟಿ ನಡೆದು ಊಟದ ಹೊತ್ತಿಗೆ ಸಾವಳಗಿ ಮುಟ್ಟುತ್ತೇನೆ. ನೀವು ನನ್ನನ್ನು ಒಳಗೆ ಕರೆದದ್ದು, ಹೇಳಿದ್ದು, ನಾನು ಬರೆದದ್ದು, ಅವನ ಬೆರಳು ಹಿಡಿದು ಒತ್ತಿದ್ದು, ಪ್ರಮಾಣ ಮಾಡಿ ಸುಳ್ಳು ಹೇಳಿದ್ದು, ಒಂದನ್ನೂ ಬಿಡುವುದಿಲ್ಲ. ನಿಮ್ಮ ಹೆದರಿಕೆಯನ್ನೂ ಹೇಳುತ್ತೇನೆ, ಎದ್ದೆದ್ದು ಬಾಗಿಲು ನೋಡಿದ್ದನ್ನೂ ಹೇಳುತ್ತೇನೆ. ನಿಮ್ಮನ್ನು ಕಡಿಮೆ ಮಾಡಿ ಹೇಳುವುದಿಲ್ಲ, ನನ್ನನ್ನು ಹೆಚ್ಚು ಮಾಡಿಕೊಂಡೂ ಹೇಳುವುದಿಲ್ಲ. ನಿಮ್ಮ ಅಪ್ಪಣೆ ಕೇಳಲು ಬರೆದದ್ದಲ್ಲ ಇದು. ತಿಳಿಸಲು ಬರೆದೆ, ನೀವು ನನ್ನ ಮಾಸ್ತರರು ಅಂತ. ಈಗಲೂ ಹಾಗೇ ಅನ್ನಿಸುತ್ತದೆ, ಏನು ಮಾಡಲಿ.

ಕೇಳಿದ ಮೇಲೆ ಅವನು ಫೋಟೋ ಇಳಿಸುತ್ತಾನೋ, ಬಿಡುತ್ತಾನೋ, ನನ್ನನ್ನು ಹೊಡೆಯುತ್ತಾನೋ, ಪಕ್ಕದಲ್ಲಿ ಕೂರಿಸಿಕೊಂಡು ಉಣ್ಣುತ್ತಾನೋ ನನಗೆ ಗೊತ್ತಿಲ್ಲ. ಅವನು ಏನು ಅನ್ನುತ್ತಾನೆ ಅನ್ನುವುದನ್ನು ನಿಮಗೆ ಬರೆಯುವುದಿಲ್ಲ, ಮಾಸ್ತರ. ಅದು ಅವನದು.